ಲೇಸು

ಎಂಟೂ ಮೂವತ್ತೆಂಟು. ಡಂಡೀಯಲ್ಲಿ ಇನ್ನೂ ಬೆಳಕು ಹರಿದಿಲ್ಲ.
ಮೂರನೇ ಮಹಡಿಯ ಮೆಟ್ಟಿಲ ಮೇಲೆ
ಮಗಳು ಬಲಗಾಲು ಚಾಚಿ ಕೂತಿದ್ದಾಳೆ,
ಯಾರೂ ಇನ್ನೂ ಗಡಿಯಾರ ಕಂಡುಹಿಡಿದಿಲ್ಲ ಎಂಬಂತೆ.

ಟೀಚರು ಹೇಳಿಕೊಟ್ಟ ಮೊಲ:
ಒಂದು ಕಿವಿ, ಇನ್ನೊಂದು ಕಿವಿ,
ಪೊದೆ ಸುತ್ತಿ ಬಂದು ಬಿಲ ಸೇರಬೇಕು.
ಸೇರುವುದಿಲ್ಲ. ಸತ್ತು ಬೀಳುತ್ತದೆ. ಮತ್ತೆ ಎದ್ದು ನಿಲ್ಲುತ್ತದೆ.

ನನ್ನ ಎರಡೂ ಕೈ ಜೇಬಿನಲ್ಲಿ.
ಒಳಗೆ ಬೆರಳುಗಳು ಸುಮ್ಮನಿಲ್ಲ,
ಬಸ್ಸಿನ ಹಳೆಯ ಚೀಟಿಯೊಂದನ್ನು
ಮಡಚುತ್ತಿವೆ, ಬಿಚ್ಚುತ್ತಿವೆ, ಮಡಚುತ್ತಿವೆ.
"ಅಪ್ಪಾ, ನೋಡಬ್ಯಾಡ."
ಗೋಡೆ ನೋಡುತ್ತೇನೆ.
ಮೇಲಿನ ಮನೆಯ ಮಿಸ್ಟರ್ ಗೆಡ್ಡಿಸ್
ಮೆಟ್ಟಿಲಿಳಿಯಲಾರದ ಮುದಿ ನಾಯಿಯನ್ನು ಎತ್ತಿಕೊಂಡು
ನಮ್ಮನ್ನು ದಾಟಿ ಹೋಗುತ್ತಾರೆ.

ಗದಗಿನಲ್ಲಿ ನಮ್ಮಪ್ಪ ರೈಲ್ವೆ ಟಿ.ಸಿ.
ಟಿಕೆಟ್ಟಿಲ್ಲದವರನ್ನು ಮುಖ ನೋಡಿಯೇ ಹಿಡಿಯುವವರು.
ನನ್ನನ್ನೂ ಹಾಗೆಯೇ ಹಿಡಿಯುತ್ತಿದ್ದರು,
ಸುಳ್ಳು ನಾಲಿಗೆಗೆ ಬರುವ ಮುಂಚೆ.
"ಎಷ್ಟೊತ್ತಲೇ, ಗಾಡಿ ನಿನಗಂತ ನಿಲ್ತದೇನ?"
ಮೀನಖಂಡಕ್ಕೆ ಒಂದು ಏಟು. ಆಮೇಲೆ ಕುಕ್ಕರಗಾಲಲ್ಲಿ ಕೂತು
ತಾವೇ ಬಿಗಿಯುವರು, ಗಂಟಿನ ಮೇಲೆ ಗಂಟು,
ಸಂಜೆ ಅವ್ವ ಹಲ್ಲು ಹಚ್ಚಿ ಬಿಚ್ಚಬೇಕು, ಅಂಥದು.
ಹನ್ನೊಂದು ತುಂಬುವ ತನಕ ನನಗೆ ಲೇಸು ಕಟ್ಟಲು ಬರಲಿಲ್ಲ.
ಹಾಸ್ಟೆಲಿನಲ್ಲಿ, ದೀಪ ಆರಿದ ಮೇಲೆ,
ಮಂಚದ ಕಾಲಿಗೆ ದಾರ ಸುತ್ತಿ ಕಲಿತೆ.

ಇದನ್ನೊಂದು ದೂರೆಂದು ಹೇಳಲು ಹೊರಟಿದ್ದೆ.
ಆದರೆ ಅವರ ನೆತ್ತಿಯನ್ನು ನಾನು ಕಂಡದ್ದು
ಆ ಹೊತ್ತಿನಲ್ಲಿ ಮಾತ್ರ:
ಕೊಬ್ಬರಿಎಣ್ಣೆ, ಬಾಚಣಿಗೆಯ ಗೆರೆ,
ಕೂದಲ ನಡುವೆ ಒಂದು ಬಿಳಿ ಕಲೆ.
ಎಲ್ಲಿ ಬಿದ್ದಿದ್ದರೋ. ಕೇಳಲಿಲ್ಲ.
ಸ್ಟೇಶನ್ ಮಾಸ್ತರರ ಮುಂದೂ ಬಗ್ಗದ ಮನುಷ್ಯ.

ಕೆಳಗೆ ಬಾಗಿಲು ಸದ್ದು. ಶಾಂಭವಿ ಹತ್ತಿ ಬರುತ್ತಾಳೆ,
ಕಂಕುಳಲ್ಲಿ ಬ್ರೆಡ್ಡು, ಕಣ್ಣಲ್ಲಿ ಹನ್ನೆರಡು ತಾಸಿನ ಕೆಂಪು,
ರಾತ್ರಿಯಿಡೀ ಹೊಸ ತಾಯಂದಿರಿಗೆ
ಕೂಸನ್ನು ಹಿಡಿಯುವುದು ಹೇಗೆಂದು ತೋರಿಸಿಕೊಟ್ಟವಳು.
"ಇನ್ನೂ ಇಲ್ಲೇ? ನೀವಾ ಕಟ್ಟಿದ್ರ ನಿಮ್ಮ ಗಂಟೇನ ಹೋಗ್ತಿತ್ತು?"
"ಕಲೀಲಿ ಅಂತ."
"ಕಲಿಯೂದು ಐತವಾರ. ಇವತ್ತು ಬುಧವಾರ."

ಅವಳದೂ ಸುಳ್ಳಲ್ಲ. ತಡವಾದದ್ದಕ್ಕೆ ಶಾಲೆ ಬರೆದ ಎರಡು ಕಾಗದ
ಫ್ರಿಜ್ಜಿನ ಬಾಗಿಲಿಗಿವೆ.
ಉಣಿಸುವುದು, ಉಗುರು ಕತ್ತರಿಸುವುದು, ಜಡೆ, ಜ್ವರ
ಎಲ್ಲ ನನ್ನ ಪಾಲಿಗೆ ಬಂದಿವೆ;
ಅವಳಿಗೆ ಉಳಿದದ್ದು ಈ ಐದು ನಿಮಿಷ, ಈ ಪಾದ.
ಅದನ್ನೂ ನಾನು ಪಾಠ ಮಾಡಿಬಿಟ್ಟೆನೆ?

ನೀಲಿ ನಮ್ಮಿಬ್ಬರನ್ನೂ ನೋಡಿದಳು,
ಜಗಳದ ವಾಸನೆ ಹಿಡಿವ ಆರು ವರ್ಷದ ಮೂಗು.
ಎಡಗಾಲನ್ನು ಅವ್ವನ ತೊಡೆಯ ಮೇಲಿಟ್ಟಳು.
"ಇದು ನಿಂದು. ಬಲಗಾಲು ನಂದು."
"ನಂದು?" ಅಂದೆ.
"ನೀ ಬ್ಯಾಗ ಹಿಡಕೋ."

ಶಾಲೆಯ ಗಾಜಿನ ಕಿಟಕಿಯಲ್ಲಿ ತಡವಾದವರ ಪುಸ್ತಕ.
ಹೆಸರು, ನೀಲಾಂಬಿಕಾ. ತರಗತಿ, ಎರಡು.
ಕಾರಣ ಎಂಬಲ್ಲಿ ಲೇಸ್ ಎಂದು ಬರೆದೆ, ಅವರ ಲಿಪಿಯಲ್ಲಿ.
ಓದಿಕೊಂಡದ್ದು ಮಾತ್ರ ನಮ್ಮ ಮಾತಿನಲ್ಲಿ.
ಊಟಕ್ಕೆ ಉಪ್ಪು ಹದವಾದರೆ, ಹೆರಿಗೆ ಸಸೂತ್ರವಾದರೆ
ನಮ್ಮಜ್ಜಿ ಅನ್ನುತ್ತಿದ್ದ ಶಬ್ದ.
ಕಿಟಕಿಯ ಹೆಂಗಸು ನಗಲಿಲ್ಲ. ಮುದ್ರೆ ಒತ್ತಿದಳು.
ಒಂಬತ್ತೂ ಏಳು.

ಉದ್ದನೆಯ ಕಾರಿಡಾರು. ನೀಲಿ ನಡೆಯುತ್ತಾಳೆ,
ಎಡಗಾಲಿನದು ಅವ್ವನ ಗಂಟು, ಗಟ್ಟಿ.
ಬಲಗಾಲಿನದು ಆಗಲೇ ಸಡಿಲಿ
ಮೊಲದ ಒಂದು ಕಿವಿ ನೆಲ ಒರೆಸುತ್ತಿದೆ.
ಕರೆಯಲೆಂದು ಬಾಯಿ ತೆರೆದೆ.
ಅಷ್ಟರಲ್ಲಿ ನಿಂತಳು, ತಾನಾಗಿ,
ಗೋಡೆಗೆ ಒರಗಿ ಬಗ್ಗಿದಳು.

ಇಲ್ಲಿಂದ ಕಂಡದ್ದು ಅವಳ ನೆತ್ತಿ,
ಬೆಳಿಗ್ಗೆ ನಾನು ಸೊಟ್ಟಗೆ ತೆಗೆದ ಬೈತಲೆ.