ಎಳೆಗರಿ, ಬೂದಿ

ಮಡಕೆಯ ಕಂಠ ಒಡೆದಿದೆ. ಈ ಕೆಲಸಕ್ಕೆ ಅದೇ ಸಾಕು.
ಇಗರ್ಜಿಯ ಹಿಂದೆ, ಬಾವಿಕಟ್ಟೆಯ ಗಾಳಿಮರೆಯಲ್ಲಿ
ಕುಕ್ಕರುಗಾಲಲ್ಲಿ ಕೂತಿದ್ದೇನೆ, ಮಡಿಲಲ್ಲಿ ಬೆಂಕಿಪೊಟ್ಟಣ.
ಗಂಟೆ ಹೊಡೆಯುವವನಿಗೆ ವರ್ಷಕ್ಕೊಮ್ಮೆ ಈ ಬೆಂಕಿ.
ನಾಳೆ ಬೂದಿ ಬುಧವಾರ.
ಇವತ್ತು ಸುಂಕೇರಿಯ ಮನೆಮನೆಯಿಂದ
ಹೋದ ವರ್ಷದ ಗರಿಯ ಶಿಲುಬೆಗಳು ಮರಳುವ ದಿನ.

ಆಗ ಅವು ಹಸಿರೂ ಅಲ್ಲ, ಹಳದಿಯೂ ಅಲ್ಲ,
ಕೈಗೆ ತಣ್ಣಗೆ, ಹಸುಳೆಯ ಕಿವಿಯ ಹಾಗೆ.
ಹೊಸಾನ್ನ ಅಂದೆವು, ಬೀಸಿದೆವು,
ಮಡಚಿ ಶಿಲುಬೆ ಕಟ್ಟಿ ಮನೆಗೊಯ್ದೆವು.
ಆಮೇಲೆ ಅವುಗಳ ಮುಖ ಯಾರು ನೋಡಿದರು?

ಎಸ್ಪರಾನ್ಸಾಬಾಯಿಯದು ಬುಟ್ಟಿಗೆ ಸಿಕ್ಕಿಸಿದ್ದು,
ಈಗಲೂ ಬಂಗಡೆಯ ವಾಸನೆ.
ಕಾಯ್ತಾನನ ದೋಣಿಯ ಮೂತಿಯದು
ಕಾಳಿಯ ಅಳಿವೆಯ ಉಪ್ಪು ತಿಂದು ಹುರಿಹಗ್ಗವಾಗಿದೆ.
ರಿಕ್ಷಾದ ಬೋಸ್ತ್ಯಾಂವ ಕನ್ನಡಿಯ ಹಿಂದಿನದನ್ನು ತಂದ,
'ಬಿಣಗಾ ಘಾಟಿಯಲ್ಲಿ ನನ್ನ ಜೀವ ಉಳಿಸಿದ್ದು ಇದೇ' ಅಂದ.
ಹಿಂದಿನ ದಿನವಷ್ಟೇ ಬ್ರೇಕು ಬದಲಿಸಿದ್ದನ್ನು ಹೇಳಲಿಲ್ಲ.

ನೌಕಾನೆಲೆಗೆ ಊರು ಬಿಟ್ಟುಕೊಟ್ಟ ಮುದುಕಿಯೊಬ್ಬಳು
ಎರಡು ಹಿಡಿದು ಬಂದಳು.
ಒಂದು ಈಗಿನ ಮನೆಯದು.
ಇನ್ನೊಂದು, ಕೆಡವಿದ ಮನೆಯ ಬಾಗಿಲಿನಿಂದ
ಆ ದಿನ ಬಿಡಿಸಿಕೊಂಡದ್ದು.
ಮೊದಲನೆಯದನ್ನು ಮಡಕೆಗೆ ಹಾಕಿದಳು.
ಎರಡನೆಯದನ್ನು ಸುಮ್ಮನೆ ಬೆಂಕಿಗೆ ತೋರಿಸಿ
ಸೆರಗಿಗೆ ಕಟ್ಟಿಕೊಂಡು ವಾಪಸ್ಸು ನಡೆದಳು.
ನಾನೇನೂ ಕೇಳಲಿಲ್ಲ.

ಇನಾಸನ ಮನೆಯದನ್ನು ಅವನ ಮಗಳು ತಂದಳು,
ದೂರದಿಂದಲೇ ಕಲ್ಲಿನ ಮೇಲಿಟ್ಟು ಓಡಿದಳು.
ಇನಾಸ ನನ್ನ ತಮ್ಮ.
ಒಂಬತ್ತು ವರ್ಷ. ಒಂದೇ ಬಾವಿ, ಎರಡು ಹಗ್ಗ.
ಅಪ್ಪ ತೀರಿಕೊಂಡ ಮಳೆಗಾಲದಲ್ಲಿ
ನಮ್ಮ ಗಡಿಕಲ್ಲು ಒಂದು ಮೊಳ ನಡೆಯಿತು.
ಕಲ್ಲಿಗೆ ಕಾಲಿಲ್ಲ.
ನನಗಿದೆ.
ಆ ಒಂದು ಮೊಳದಲ್ಲಿ ಒಂದು ತೆಂಗಿನಮರ.
ಅದರದೇ ಎಳೆಗರಿ, ಪ್ರತಿ ಗರಿಗಳ ಭಾನುವಾರ,
ಇಗರ್ಜಿಗೆ ನನ್ನ ಕಾಣಿಕೆ.
ಪಾದ್ರಿಗಳು ಎಲ್ಲರೆದುರು ಹೆಸರು ಓದುತ್ತಾರೆ.
ನಾನು ತಲೆ ತಗ್ಗಿಸುತ್ತೇನೆ. ನೋಡಿದವರು ವಿನಯ ಅಂದುಕೊಳ್ಳುತ್ತಾರೆ.

ಕಡ್ಡಿ ಗೀರಿದೆ.
ಗರಿ ಉರಿಯುವ ಸದ್ದು ಸಣ್ಣದು,
ಪಕ್ಕದ ಕೋಣೆಯಲ್ಲಿ ಯಾರೋ ಕಾಗದ ಓದಿದ ಹಾಗೆ.
ಬಂಗಡೆ ಹೋಯಿತು, ಉಪ್ಪು ಹೋಯಿತು, ಘಾಟಿ ಹೋಯಿತು,
ಅವನದು ಹೋಯಿತು, ನನ್ನದು ಹೋಯಿತು.
ಅಮ್ಮನ ಹಳೆ ಸೀರೆಯ ತುಂಡಿನಲ್ಲಿ ಜರಡಿ ಹಿಡಿದೆ.
ಬೊಗಸೆಯಷ್ಟು ಕಪ್ಪು.
ಕದ್ದ ಮರ ಯಾವುದು, ಕದಿಯದ್ದು ಯಾವುದು?
ಬೆರಳಾಡಿಸಿದೆ. ಬೇರೆ ಮಾಡಲು ಬರಲಿಲ್ಲ.
ನಾಳೆ ಇಡೀ ಊರಿನ ಹಣೆಗೆ ಇದೇ.

ಬುಧವಾರ. ಗೇರುಹೂವಿನ ಘಮ ಕಿಟಕಿಯೊಳಗೆ.
ಸಾಲಿನಲ್ಲಿ ನನಗಿಂತ ಮುಂದೆ, ನಾಲ್ಕನೆಯವನಾಗಿ, ಇನಾಸ.
ಅವನ ಕುತ್ತಿಗೆಯೂ ನರೆತಿದೆ.
ಮಣ್ಣು ನೀನು, ಮಣ್ಣಿಗೆ ಮರಳುವೆ, ಎಂದರು ಪಾದ್ರಿಗಳು ಅವನಿಗೆ.
ನನಗೂ ಅಷ್ಟೇ ಅಂದರು, ಒಂದಕ್ಷರ ಹೆಚ್ಚಿಲ್ಲ.
ಒಂದು ಮೊಳ ಹೆಚ್ಚು ಮಣ್ಣಿನವನು ನಾನು.
ಹೆಬ್ಬೆರಳು ಮೇಲಿಂದ ಕೆಳಗಿಳಿಯಿತು,
ಆಮೇಲೆ ಅಡ್ಡ ಹೋಯಿತು:
ನಮ್ಮ ಜಗಲಿಯಿಂದ ಅವನ ಜಗಲಿಗೆ
ಒಂದು ಗೆರೆಯಷ್ಟೇ ದೂರ.

ಸಂಜೆ, ಹಣೆ ತೊಳೆಯದೆ, ಹಿತ್ತಲಿಗೆ ಹೋದೆ.
ಒಂಬತ್ತು ಮಳೆ ಕುಡಿದ ಕಲ್ಲು
ಅದೇ ತನ್ನ ಜಾಗವೆಂದು ನಂಬಿಬಿಟ್ಟಿತ್ತು.
ಕತ್ತಿಯಲ್ಲಿ ಕೆದಕಿದೆ, ಕತ್ತಿ ಬಗ್ಗಿತು.
ಬೆವರು ಬೂದಿಯನ್ನು ಕಣ್ಣಿಗಿಳಿಸಿತು. ಉರಿ.
ಆಚೆ ಪಾತ್ರೆ ತಿಕ್ಕುತ್ತಿದ್ದ ತಮ್ಮನ ಹೆಂಡತಿ ಕಿತೇರಿ
ಕೈ ನಿಲ್ಲಿಸಿ ಎಷ್ಟೋ ಹೊತ್ತು ನೋಡಿದಳು.
'ಹಾರೆ ಬೇಕಾ?' ಅಂದಳು.

ಬೇಕು, ಅಂದೆ.
ಆ ಮನೆಯಿಂದ ನಾನು ಕೇಳಿ ಪಡೆದ
ಮೊದಲ ವಸ್ತು ಅದು.
ಕಲ್ಲು ಅಲುಗಿದೆ, ಇನ್ನೂ ಎದ್ದಿಲ್ಲ.
ಒಳಗೆ ದೀಪ ಹಚ್ಚಿದ್ದಾರೆ.
ಇನಾಸ ಇನ್ನೂ ಹೊರಗೆ ಬಂದಿಲ್ಲ.