ನಾಲ್ಕು ತೂತಿನ ಊರು

ಅಯೋವಾದ ಮುಸುಕಿನ ಜೋಳದ ನಡುವೆ
ಮೂರು ಗಂಟೆಯಿಂದ ಒಂದೇ ಹಸಿರು, ಒಂದೇ ಆಕಾಶ.
ಆಮೇಲೊಂದು ಹಲಗೆ:
"ಜಗತ್ತಿನ ಅತಿ ದೊಡ್ಡ ಗುಂಡಿ, ಇನ್ನು ನಾಲ್ಕೇ ಮೈಲಿ."
ರಸ್ತೆಯ ಗುಂಡಿಗಳಲ್ಲಿ ಕುಲುಕುತ್ತ ಬಂದವನಿಗೆ
ಅದರಲ್ಲಿ ಅತಿಶಯವೇನೂ ಕಾಣಲಿಲ್ಲ.
ಕೆಳಗೆ ಯಾರೋ ಪ್ರಾಮಾಣಿಕರು
ಬೇರೆ ಬಣ್ಣದಲ್ಲಿ ಸೇರಿಸಿದ್ದರು: "ಬಹುಶಃ."

ಇತ್ತು. ಪೆಟ್ರೋಲ್ ಬಂಕಿಗೂ ಲೂಥರನ್ ಚರ್ಚಿಗೂ ನಡುವೆ,
ಘಟೋತ್ಕಚನ ಅಂಗಿಯಿಂದ ಕಿತ್ತು ಉರುಳಿ ಬಂದು
ಹುಲ್ಲಿನಲ್ಲಿ ನೆಟ್ಟಗೆ ನಿಂತುಬಿಟ್ಟಂತೆ,
ಹದಿನೆಂಟು ಅಡಿ, ಕಾಂಕ್ರೀಟು, ಚಕ್ಕೆಯೆದ್ದ ಬಿಳಿ ಬಣ್ಣ,
ಒಂದು ತೂತಿನಲ್ಲಿ ಕಣಜದ ಗೂಡು.
ಪ್ರೊಚಾಸ್ಕಾ ಎಂಬ ಬೆಸುಗೆಗಾರ ಎಪ್ಪತ್ನಾಲ್ಕರಲ್ಲಿ ಕಟ್ಟಿದ್ದಂತೆ.
ಆಗ ಹೊಲಿಗೆ ಹಾಕಿದ ಹಾಗೆ ಹಡಗಿನ ಹಗ್ಗವೂ ಇತ್ತಂತೆ;
ಪ್ರತಿ ಮೇ ತಿಂಗಳು ಹೈಸ್ಕೂಲು ಮುಗಿಸಿದ ಹುಡುಗರು ಕದ್ದೊಯ್ದೊಯ್ದು
ಕೊನೆಗೆ ಊರು ದಾರ ಪೋಣಿಸುವುದನ್ನೇ ಬಿಟ್ಟಿತು.

ಮ್ಯೂಸಿಯಮ್ಮಿಗೆ ಬೀಗ. ಬೀಗದ ಮೇಲೆ ಚೀಟಿ:
"ವರ್ನೀಸ್‌ಗೆ ಫೋನ್ ಮಾಡಿ. ಒಂದರಿಂದ ಎರಡರ ತನಕ ಬೇಡ."
ಒಂದೂ ಕಾಲು. ಕಾದೆ.

ವರ್ನೀಸ್ ಟೆನ್‌ಹಾಕನ್, ಎಂಬತ್ತಮೂರು,
ಸ್ವೆಟರಿಗೆ ಗುಂಡಿಯಿಲ್ಲ, ಪಿನ್ನು ಚುಚ್ಚಿದೆ.
ನಾನು ನೋಡಿದ್ದನ್ನು ನೋಡಿ
"ಹೂಂ, ಎಲ್ಲರೂ ಮೊದಲು ಅದನ್ನೇ ನೋಡುವುದು" ಅಂದರು.

ಒಳಗೆ ಹೊಳೆಯ ಕಪ್ಪೆಚಿಪ್ಪು, ಅಂಗೈಯಗಲದವು,
ಒಂದೊಂದರಲ್ಲೂ ಐದಾರು ದುಂಡು ತೂತು,
ಲೋಟದ ಬಾಯಿಂದ ಪೂರಿ ಕತ್ತರಿಸಿದ ಮೇಲೆ
ಮಣೆಯಲ್ಲಿ ಉಳಿಯುವ ಹಿಟ್ಟಿನ ಹಾಗೆ.
"ತೆಗೆದದ್ದು ಊರೂರಿನ ಅಂಗಿಗಳಿಗೆ ಹೋಯಿತು,
ಉಳಿದದ್ದು ನಮ್ಮದು. ರಸ್ತೆಗೆ ಸುರಿದೆವು.
ನೀವು ಬಂದಿರಲ್ಲ, ಅದರ ಮೇಲೆಯೇ ಬಂದಿರಿ."

ಅವರ ಅಜ್ಜಿ ಗೆಸೀನಾ ಹನ್ನೊಂದು ಗಂಟೆ ನಿಂತು
ಮೊಣಕೈ ತನಕ ನೀರಲ್ಲಿ ಚಿಪ್ಪು ಕೊರೆದವಳು.
ಹನ್ನೆರಡು ಡಜನಿಗೆ ಒಂದು ಗ್ರೋಸು, ಶಾಲೆಯ ಲೆಕ್ಕ;
ಕಾರ್ಖಾನೆಯ ಲೆಕ್ಕದಲ್ಲಿ ಹದಿನಾಲ್ಕು.
ಒಡೆದದ್ದು, ಕಲೆಯಾದದ್ದು ಅವಳ ಖಾತೆಗೆ.

ಒಂದು ಫೆಬ್ರವರಿ ಎಲ್ಲರೂ ಹೊರಗೆ ಬಂದು
ಹಿಮದ ಮೆಟ್ಟಿಲ ಮೇಲೆ ಕೂತರು.
ಗೋಡೆಯಲ್ಲಿ ಆ ಫೋಟೋ: ನಲವತ್ತೊಂದು ಹೆಂಗಸರು,
ಅಂಚಿನಲ್ಲಿ ಲಾಠಿ ಹಿಡಿದ ಇಬ್ಬರು ಗಂಡಸರು.
ಹಿಂಬದಿಯಲ್ಲಿ ಹೆಸರು ಬರೆದಿರುವುದು ಇಬ್ಬರದೇ.
"ಎಡದಿಂದ ಮೂರನೆಯವಳು ನಮ್ಮವಳು" ಅಂದರು ವರ್ನೀಸ್.
ಅದೇ ಕ್ಷಣ ಯಾರೋ ಕೂಗಿರಬೇಕು,
ಅವಳು ಮುಖ ತಿರುಗಿಸಿದ್ದಾಳೆ; ಮುಖವಿದ್ದಲ್ಲಿ ಒಂದು ಬಿಳಿ ಮಸಕು,
ಕತ್ತಿನವರೆಗೂ ಗುಂಡಿ ಹಾಕಿದ ಕೋಟು ಮಾತ್ರ ಸ್ಪಷ್ಟ.

"ಗೆದ್ದರಾ?"
"ಹದಿಮೂರು ಡಜನಿಗೆ ಇಳಿಸಿದರು."

ಆಮೇಲೆ ಪ್ಲಾಸ್ಟಿಕ್ಕು ಬಂತು, ಬಾಗಿಲು ಬಿತ್ತು.
ಅಷ್ಟರಲ್ಲಿ ಹೊಳೆಯಲ್ಲೂ ಕೊರೆಯಲು ಏನೂ ಉಳಿದಿರಲಿಲ್ಲ.
ಹೋದ ಬೇಸಿಗೆ ಕಾಲೇಜಿನ ಮಕ್ಕಳು
ಮರಿಚಿಪ್ಪುಗಳನ್ನು ತಂದು ನೀರಿಗೆ ಬಿಟ್ಟರು,
ಒಂದೊಂದರ ಬೆನ್ನಿಗೂ ಅಂಟಿಸಿದ ನಂಬರು.
"ಈಗ ಅವಕ್ಕೂ ಹಾಜರಿ" ಅಂದು ವರ್ನೀಸ್
ದೀಪ ಆರಿಸುತ್ತ ಬಂದರು, ಕೋಣೆಯ ಹಿಂದೆ ಕೋಣೆ.

ನನ್ನ ಭಾಷೆಯಲ್ಲಿ ಗುಂಡಿ ಎಂದರೆ ಹಳ್ಳವೂ ಹೌದು,
ಇನ್ನೊಂದಕ್ಷರ ಹೊಲಿದರೆ ಎದೆಯೊಳಗೆ ಬಡಿಯುತ್ತದೆ,
ಎಂದು ಹೇಳಹೊರಟೆ. ಹೇಗೆ ಹೇಳುವುದು?
ಡಬ್ಬಿಗೆ ಎರಡು ಡಾಲರು ಹಾಕಿದೆ.

ಹೊರಗೆ, ಕಾಂಕ್ರೀಟಿಗೆ ಮುಖವಿಟ್ಟು ನೋಡಿದರೆ
ಒಂದು ತೂತಿನಲ್ಲಿ ಹೊಳೆ, ಇನ್ನೊಂದರಲ್ಲಿ ಮೊಂಡು ಚಿಮಣಿ,
ಮೂರನೆಯದು ಕಣಜಗಳದು.
ನಾಲ್ಕರಲ್ಲಿ ಆಚೆಯಿಂದ ಒಬ್ಬ ಹುಡುಗ,
ತುಟಿಯೆಲ್ಲ ಐಸ್‌ಕ್ಯಾಂಡಿಯ ನೀಲಿ.
"ಹಗ್ಗ ಎಲ್ಲಿದೆ ಗೊತ್ತಾ?" ಪಿಸುಗುಟ್ಟಿದ.
"ನಮ್ಮಪ್ಪನ ಕೊಟ್ಟಿಗೆಯಲ್ಲಿ. ಯಾರಿಗೂ ಹೇಳಬೇಡಿ."
ಇಲ್ಲ ಅಂದೆ.