ಬಿಸಿಲಿಗೆ ತಡಿಯೋ ಎಣ್ಣಿ

ಮುಳಗುಂದದಾಗ ನನ್ನ ಅಂಗಡಿ ಪಡುವಣಕ್ಕ ಮುಖ ಮಾಡೇತಿ.
ಮಧ್ಯಾಹ್ನ ಮೂರರಿಂದ ಹೊತ್ತು ಮುಳುಗೂತನಕ
ಗಾಜಿನ ಕಪಾಟಿನೊಳಗ ಬಿಸಿಲು ಬಂದು ಕುಂದರತೈತಿ,
ಉದ್ರಿ ಕೇಳಾಕ ಬಂದವರಂಗ. ಏಳೂದಿಲ್ಲ.

ಮುಂದಿನ ಸಾಲಿನ ಬಾಟ್ಲಿಗೋಳ ಚೀಟಿ ಬೆಳ್ಳಗಾಗ್ಯಾವು.
ಕೆಂಪು ತ್ರಿಕೋನ ಗುಲಾಬಿ ಆತು,
ಆಮ್ಯಾಲ ಹಾಲಿನ ಕೆನಿ ಬಣ್ಣ.
ತಲಿಬುರುಡಿಯ ಕಣ್ಣೂ ಅಳಿಸಿದುವು,
ತಾರೀಖು, ಕಂಪನಿ ಹೆಸರು, ಮಕ್ಕಳ ಕೈಗೆ ಸಿಗದಂತೆ ಇಡಿರಿ.
ಒಳಗಿಂದು ಮಾತ್ರ ಹಂಗ ಐತಿ.
ಹಂಗ ಇರಲಿ ಅಂತ ಮಾಡಿದ್ದು ಅದು.

ಕಂಪನಿ ಹುಡುಗ ಮೀಟಿಂಗಿನ್ಯಾಗ ಉಪ್ಪಿಟ್ಟು ತಿನಕೋತ ಹೇಳಿದ್ದ:
ಮೊದಲ ಇದು ಸೇವಂತಿಗಿ ಜಾತಿಯ ಒಂದು ಬಿಳಿ ಹೂವಿನ ವಿಷ, ಸಾವ್ಕಾರ್ರ.
ಹುಳ ಥಟ್ಟನ ಬೀಳತಿದ್ದುವು, ಆದ್ರ
ಬಿಸಿಲು ಬಿತ್ತಂದ್ರ ವಿಷಾನೂ ಸಾಯತಿತ್ತು.
ಹೂವಿನ ಗುಟ್ಟು ಇಟಗೊಂಡು
ಸಾಯೋ ಗುಣ ತಗದ್ರು.
ನಾನೂ ಚಪ್ಪಾಳಿ ತಟ್ಟಿದೆ. ಗ್ವಾಡಿ ಗಡಿಯಾರ ಕೊಟ್ರು.

ಮೊನ್ನೆ ನೀಲಗಂಗವ್ವ ಹೂಗಾರ ಬಂದಿದ್ದಳು.
ಇಪ್ಪತ್ತು ಗುಂಟೆ ಸೇವಂತಿಗಿ, ಮೊಗ್ಗಿಗೆಲ್ಲಾ ಕರಿ ಹೇನು.
"ಎಷ್ಟು ದಿನ ತಡೀತೈತಿ ಇದು?"
ಹದಿನೈದು ದಿನ, ಬಿಸಿಲಿಗೂ ಜಗ್ಗೂದಿಲ್ಲ, ಅಂದೆ ಹುರುಪಿಲೆ.
ಬಾಟ್ಲಿ ಹೊಳ್ಳಿಸಿ ನೋಡಿ ಕೆಳಗಿಟ್ಟಳು.
"ದಿನ ಬಿಟ್ಟು ದಿನ ಹರೀತೀನಿ ಹೂವ.
ಯಾವಕ್ಕಿನೋ ಮುಡ್ಕೋತಾಳ, ಅಕಿ ಬಗಲಾಗಿನ ಕೂಸು
ಹೆರಳು ಜಗ್ಗಿ ಬಾಯಾಗ ಇಟ್ಕೋತೈತಿ.
ಹದಿನೈದು ದಿನ ತಗೊಂಡು ಏನ್ಮಾಡ್ಲಿ?"
ಪಂಪಿನ ವಾಸರ್ ಒಂದು ಒಯ್ದಳು. ಹನ್ನೆರಡು ರೂಪಾಯಿ.

ಬೇವಿನ ಬೀಜ ಜಜ್ಜಿ, ನೆನಿ ಇಟ್ಟು,
ಗಂಡನ ಹಳೇ ಧೋತರದಾಗ ಸೋಸಿ
ಹೊತ್ತು ಮುಳುಗಿದ ಮ್ಯಾಲ ಹೊಡೀತಾಳಂತ.
ನಡು ಬಿಸಿಲಾಗ ಹೊಡದ್ರ ಕೂಲಿ ದಂಡ.
ಕತ್ತಲದಾಗ ಎಲಿ ಅದನ್ನ ಕುಡೀಬೇಕು,
ಮುಂದ ಎರಡು ಮೂರು ದಿನ
ಸೂರ್ಯ ಅದರ ಗಂಟು ಒಂದೊಂದ ಬಿಚ್ಚತಾನ.

ಬೇವು ಸಾಧು ಅಂತ ನಾ ಹೇಳೂದಿಲ್ಲ.
ವಾರದಾಗ ಹೇನು ತಿರುಗಿ ಬಂದುವು, ನಾಕು ಸಾಲು ಹೋತು.
ಬೇವಿಗೆ ಬೈದಳು, ಮೋಡಕ್ಕ ಬೈದಳು,
ದಾರ್‍ಯಾಗ ಸಿಕ್ಕ ನನಗೂ ಬೈದಳು.
ಮನಿಗೆ ಹೋಗಿ ಮತ್ತ ಜಜ್ಜಾಕ ಕುಂತಳು.

ಅಂಗಡಿ ಹಾಕಿ ಹೋಗೂಮುಂದ
ಒಂದು ಮೊಳ ಹೂವ ಒಯ್ಯೂದು ನನ್ನ ರೂಢಿ.
ಇಷ್ಟು ವರ್ಷದಾಗ ನಿನ್ನೆ ಮೊದಲ ಸಲ ಕೇಳಿದೆ,
ಯಾರ ಹೊಲದ್ದೋ ಇದು?
ಬುಟ್ಟಿ ಹುಡುಗ ನಕ್ಕ:
"ಹೂವಿಗೇನು ಚೀಟಿ ಅಂಟಿಸಿರತಾರೇನ್ರಿ, ಸಾವ್ಕಾರ?"